ಮಸಿಬಟ್ಟೆಗೂ ಬಾರದ ಬಟ್ಟೆ

2025ರ ಮಳೆಗಾಲದಲ್ಲಿ ನಮ್ಮ ಅಕ್ಕ ಹೆರಿಗೆಗೆಂದು ತವರಿಗೆ ಬಂದಳು. ಶರಾವತಿ ಹಿನ್ನೀರಿನ ಆಚೆ ದಡದ ನಮ್ಮಂಥ ಮನೆಗಳಲ್ಲಿ ಹೆರಿಗೆ ಅಂದರೆ ಮೊದಲ ಚಿಂತೆ ಲಾಂಚಿನದು. ರಾತ್ರಿ ನೋವು ಬಂದರೆ ಹೊಳೆಬಾಗಿಲು ದಾಟುವುದು ಹೇಗೆ ಅಂತ ತಿಂಗಳ ಮೊದಲೇ ಲೆಕ್ಕ ಹಾಕಬೇಕಿತ್ತು. ಆ ಸಲ ಆ ಚಿಂತೆ ಇರಲಿಲ್ಲ. ಜುಲೈ 14ಕ್ಕೆ ಸೇತುವೆ ಉದ್ಘಾಟನೆ ಆಗಿತ್ತು. ಅಕ್ಕನನ್ನು ಕೂರಿಸಿಕೊಂಡ ಕಾರು ಎಲ್ಲೂ ನಿಲ್ಲದೆ ಹಿನ್ನೀರು ದಾಟಿತು. ನಮಗೆ ಕಷ್ಟ ಬಂದದ್ದು ಬೇರೆ ಕಡೆಯಿಂದ. ಮಗುವಿಗೆ ಸುತ್ತಲು ಮನೆಯಲ್ಲಿ ಹಳೆ ಬಟ್ಟೆಯೇ ಇರಲಿಲ್ಲ.

ಇದನ್ನು ಓದಿ ನಗು ಬರಬಹುದು. ಯಾರ ಮನೆಯಲ್ಲಿ ಹಳೆ ಬಟ್ಟೆಗೆ ಬರ? ನಮ್ಮ ಮನೆಯ ಬೀರು ಬಾಗಿಲು ಹಾಕಲಿಕ್ಕೂ ಆಗದಷ್ಟು ತುಂಬಿದೆ. ಆದರೆ ಹುಟ್ಟಿದ ಮಗುವಿನ ಮೈಗೆ ಬೇಕಾದದ್ದು ಹತ್ತಿಪ್ಪತ್ತು ಸಲ ಒಗೆದು ಮೆತ್ತಗಾದ ಹತ್ತಿ ಸೀರೆ. ಅಮ್ಮ ಬೀರುವಿನ ಸೀರೆಗಳನ್ನು ಒಂದೊಂದಾಗಿ ತೆಗೆದು ಬೆರಳಲ್ಲಿ ಉಜ್ಜಿ ನೋಡಿ ಪಕ್ಕಕ್ಕೆ ಹಾಕುತ್ತಾ ಹೋದಳು. ಹದಿನೈದು ವರ್ಷದಲ್ಲಿ ಮದುವೆ, ಗೃಹಪ್ರವೇಶ, ಸೀಮಂತ ಅಂತ ಬಂದ ಸೀರೆಗಳೆಲ್ಲ ಹೊಳೆಯುವ, ಜಾರುವ ಸೀರೆಗಳು. ಒಂದೂ ಮಗುವಿಗೆ ಆಗುವಂಥದ್ದಲ್ಲ.

ಕೊನೆಗೆ ಪೇಟೆಗೆ ಹೋಗಿ ಬಿಳಿ ಬಟ್ಟೆ ಮೂರು ಮೀಟರ್ ತಂದೆವು. ಅಂಗಡಿಯವರು ‘ಪ್ಯೂರ್ ಕಾಟನ್’ ಅಂದಿದ್ದರು. ಕೈಗೆ ದಪ್ಪಗೆ, ಗರಿಗರಿಯಾಗಿ ಇತ್ತು. ಅಮ್ಮ ಅದನ್ನು ಬಕೆಟ್ಟಿನಲ್ಲಿ ನೆನೆಹಾಕಿದಳು. ಬೆಳಿಗ್ಗೆ ನೀರು ಅನ್ನದ ಗಂಜಿಯ ಹಾಗೆ ಬೆಳ್ಳಗಾಗಿತ್ತು. ಹಿಂಡಿ ಕೊಡವಿದರೆ ಆಚೆ ಗೋಡೆ ಕಾಣುವಷ್ಟು ತೆಳು, ಬಲೆಯ ಹಾಗೆ. ಇದ್ದದ್ದರಲ್ಲೇ ಎರಡು ಜಬಲ ಹೊಲಿದಳು. ಎರಡನೇ ಒಗೆತಕ್ಕೆ ಕಂಕುಳ ಹತ್ತಿರ ಹೊಲಿಗೆ ಹಾಗೇ ಇತ್ತು, ಬಟ್ಟೆಯ ಎಳೆಗಳೇ ಸರಿದು ಬಾಯಿ ಬಿಟ್ಟಿದ್ದವು. ಅಮ್ಮ ಅಂಚಿನಿಂದ ಒಂದೆಳೆ ಎಳೆದು ಬಚ್ಚಲೊಲೆಯ ಕೆಂಡಕ್ಕೆ ಹಿಡಿದಳು. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಬೂದಿಯಾಗಬೇಕು. ಇದು ಮುದುಡಿ ತುದಿಯಲ್ಲಿ ಕಪ್ಪು ಮಣಿ ಕಟ್ಟಿತು.

“ಇದು ಮಸಿಬಟ್ಟೆಗೂ ಬರಲ್ಲ ಕಣ್ರೇ” ಅಂದಳು ಅಮ್ಮ.

ಅದು ಬೈಗುಳದ ಮಾತಲ್ಲ, ಲೆಕ್ಕದ ಮಾತು. ಅಮ್ಮ ಬಟ್ಟೆಯನ್ನು ಅಳೆಯುವುದೇ ಅದರ ಕೊನೆಯಿಂದ. ನಾವು ಚಿಕ್ಕವರಿದ್ದಾಗ ನಮ್ಮ ಮನೆಗೆ ಬಂದ ಒಂದು ಬಟ್ಟೆ ಎಷ್ಟು ಸಲ ಹುಟ್ಟುತ್ತಿತ್ತು ಅಂತ ನೆನೆಸಿಕೊಂಡರೆ ಆಶ್ಚರ್ಯ ಆಗುತ್ತದೆ. ಅಕ್ಕನಿಗೆ ಉದ್ದ ಲಂಗ ಹೊಲಿಯುವಾಗ ಅಮ್ಮ ಕೆಳಗೆ ನಾಲ್ಕು ಬೆರಳು ಒಳಗೆ ಮಡಚಿಡುತ್ತಿದ್ದಳು. ಅಕ್ಕ ಎತ್ತರ ಆದ ಹಾಗೆ ಮಡಿಕೆ ಬಿಚ್ಚಬೇಕು. ಅಕ್ಕನಿಗೆ ಸಾಲದಾದಾಗ ಲಂಗ ನಮಗೆ ಬರುತ್ತಿತ್ತು. ನಮಗೂ ಗಿಡ್ಡವಾದರೆ ತಲೆದಿಂಬಿನ ಚೀಲ, ಇಲ್ಲವೇ ಸಂತೆ ಚೀಲ. ಅದೂ ಹರಿದರೆ ಕೌದಿಯ ಒಳಪದರ. ಅಡಿಕೆ ಸುಲಿಯುವ ಕಾಲಕ್ಕೆ ಬೆರಳಿಗೆ ಸುತ್ತುವ ಪಟ್ಟಿಯೂ ಅದರಿಂದಲೇ ಬರಬೇಕು. ಎಲ್ಲ ಮುಗಿದ ಮೇಲೆ ಒಲೆಯಿಂದ ಪಾತ್ರೆ ಇಳಿಸುವ ಮಸಿಬಟ್ಟೆ. ಅಪ್ಪನ ಹಳೆ ಪಂಚೆಯಾದರೆ ದೇವರ ದೀಪದ ಬತ್ತಿಯೂ ಆಗುತ್ತಿತ್ತು.

ಈಗಿನ ಬಟ್ಟೆಯನ್ನು ಈ ದಾರಿಯಲ್ಲಿ ನಡೆಸಿ ನೋಡಿ. ಮಡಿಕೆ ಬಿಚ್ಚಿದರೆ ಒಳಗಿನ ಬಣ್ಣ ಒಂದು, ಹೊರಗಿನ ಬಣ್ಣ ಇನ್ನೊಂದು. ತಂಗಿಯ ಕೈಗೆ ಬರುವುದರೊಳಗೆ ಕಂಕುಳು ಪಿಸಿದಿರುತ್ತದೆ. ದಿಂಬಿಗೆ ಹಾಕಿದರೆ ತಲೆ ಬೆವರುತ್ತದೆ. ನೆಲ ಒರೆಸಿದರೆ ನೀರನ್ನು ಆಚೆಗೆ ತಳ್ಳುತ್ತದೆಯೇ ಹೊರತು ಹೀರುವುದಿಲ್ಲ. ಮಸಿಬಟ್ಟೆ ಮಾಡಿಕೊಂಡು ಬಿಸಿ ಪಾತ್ರೆ ಹಿಡಿದರೆ ಕರಗಿ ಕೈಗೇ ಅಂಟುತ್ತದೆ. ಒಂದೇ ಜನ್ಮಕ್ಕೆ ಅದರ ಕತೆ ಮುಗಿಯಿತು.

ಆಗ ಬಟ್ಟೆ ಕೊಳ್ಳುವುದೆಂದರೆ ಒಂದು ದಿನದ ಕೆಲಸ. ಬೆಳಿಗ್ಗೆ ಮೊದಲ ಲಾಂಚಿಗೆ ಹೊಳೆ ದಾಟಿ, ಬಸ್ಸು ಹತ್ತಿ ಸಾಗರಕ್ಕೆ ಹೋಗಬೇಕು. ಅಂಗಡಿಯವರು ಚಾಪೆಯ ಮೇಲೆ ತಾನು ಬಿಚ್ಚಿ ಹಾಸುತ್ತಿದ್ದರು. ಅಮ್ಮ ಬಣ್ಣವನ್ನು ಕೊನೆಗೆ ನೋಡುತ್ತಿದ್ದಳು. ಮೊದಲು ಬಟ್ಟೆಯ ಮೂಲೆಯನ್ನು ಎರಡು ಅಂಗೈ ನಡುವೆ ಉಜ್ಜುವುದು. ಬಿಳಿ ಹಿಟ್ಟು ಉದುರಿದರೆ ಅದು ಗಂಜಿಯ ದಪ್ಪ, ನೂಲಿನ ದಪ್ಪ ಅಲ್ಲ. ಆಮೇಲೆ ಬಾಗಿಲ ಕಡೆ ಎತ್ತಿ ಬೆಳಕಿಗೆ ಹಿಡಿಯುವುದು. ಆಮೇಲೆ ಹಾಸು-ಹೊಕ್ಕು ನೆಟ್ಟಗಿದೆಯೋ ವಾರೆಯಾಗಿದೆಯೋ ನೋಡುವುದು. ವಾರೆ ನೇಯ್ದ ಬಟ್ಟೆಯಲ್ಲಿ ಎಷ್ಟು ಸರಿಯಾಗಿ ಕತ್ತರಿಸಿ ಹೊಲಿದರೂ ಒಗೆದ ಮೇಲೆ ಲಂಗ ಒಂದು ಕಡೆಗೆ ತಿರುಚಿಕೊಳ್ಳುತ್ತದೆ. ರವಿಕೆಗಾದರೆ ‘ಟೂ ಬೈ ಟೂ’ ಇದೆಯಾ ಅಂತ ಕೇಳುತ್ತಿದ್ದಳು. ಆ ಹೆಸರಿನ ಅರ್ಥ ನಮಗೆ ಗೊತ್ತಾದದ್ದು ಬಹಳ ತಡವಾಗಿ. ಹಾಸಿನಲ್ಲೂ ಎರಡೆಳೆ ಸೇರಿಸಿ ಹುರಿ ಮಾಡಿದ ನೂಲು, ಹೊಕ್ಕಿನಲ್ಲೂ ಎರಡೆಳೆ ನೂಲು. ಅದಕ್ಕೇ ಅದು ತೆಳ್ಳಗಿದ್ದೂ ಗಟ್ಟಿ. ಈಗಲೂ ಆ ಹೆಸರಲ್ಲಿ ಬಟ್ಟೆ ಸಿಗುತ್ತದೆ. ನಮ್ಮ ಕೈಗೆ ಬಂದ ಎಷ್ಟೋ ತುಂಡುಗಳಲ್ಲಿ ಹೆಸರು ಮಾತ್ರ ಎರಡೆಳೆ, ಬಿಚ್ಚಿ ನೋಡಿದರೆ ನೂಲು ಒಂದೆಳೆ.

ಬಟ್ಟೆ ಯಾಕೆ ಹೀಗಾಯಿತು? ಅಂಗಡಿಯವರನ್ನು ಬೈದರೆ ಉತ್ತರ ಸಿಗುವುದಿಲ್ಲ. ಅಮ್ಮನ ಕಾಲದ ಪಾಪ್ಲಿನ್, ಲಾಂಗ್‌ಕ್ಲಾತ್, ರವಿಕೆ ಬಟ್ಟೆ ಹೆಚ್ಚಾಗಿ ದೊಡ್ಡ ಗಿರಣಿಗಳದ್ದು. ಮುಂಬೈ, ಅಹಮದಾಬಾದಿನವು ಒಂದು ಕಡೆ, ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಸಿಕೊಂಡ ನಮ್ಮ ದಾವಣಗೆರೆಯವು ಇನ್ನೊಂದು ಕಡೆ. 1982ರ ಜನವರಿ 18ರಂದು ದತ್ತಾ ಸಾಮಂತ್ ಮುಂದಾಳತ್ವದಲ್ಲಿ ಮುಂಬೈಯ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಮುಷ್ಕರ ಹೂಡಿದರು. ಹಳೆ ಯಂತ್ರಗಳಲ್ಲೇ ಏದುಸಿರು ಬಿಡುತ್ತಿದ್ದ ಗಿರಣಿಗಳಲ್ಲಿ ಎಷ್ಟೋ ಮತ್ತೆ ಸರಿಯಾಗಿ ಶುರುವಾಗಲೇ ಇಲ್ಲ. ದಾವಣಗೆರೆಯ ಗಿರಣಿಗಳೂ ಒಂದೊಂದಾಗಿ ಬಾಗಿಲು ಹಾಕಿದವು. ನೇಯ್ಗೆ ಭಿವಂಡಿ, ಮಾಲೆಗಾಂವ್, ಇಚಲಕರಂಜಿಯ ವಿದ್ಯುತ್ ಮಗ್ಗಗಳಿಗೆ ಹೋಯಿತು. ಮಗ್ಗ ನಡೆಸುವವನು ಕೆಟ್ಟವನಲ್ಲ. ವ್ಯಾಪಾರಿ ಕೊಟ್ಟ ನೂಲನ್ನು, ವ್ಯಾಪಾರಿ ಹೇಳಿದ ದರಕ್ಕೆ ನೇಯ್ದು ಕೊಡುವವನು. ದರ ಇಳಿಸು ಅಂದರೆ ಅಂಗುಲಕ್ಕೆ ನಾಲ್ಕೆಳೆ ಕಡಿಮೆ ಹಾಕುತ್ತಾನೆ, ಕಡಿಮೆಯಾದದ್ದನ್ನು ಗಂಜಿ ಮುಚ್ಚುತ್ತದೆ. ಇದರ ಜೊತೆಗೆ 1985ರ ಜವಳಿ ನೀತಿ ಕೃತಕ ನೂಲಿಗೆ ದಾರಿ ಸಲೀಸು ಮಾಡಿತು. ಸೂರತ್ತಿನ ಪಾಲಿಯೆಸ್ಟರ್ ಸೀರೆ ಹಳ್ಳಿ ಹಳ್ಳಿಗೆ ಬಂತು.

ನಾವೂ ಅದನ್ನು ಕೈಚಾಚಿ ತೆಗೆದುಕೊಂಡೆವು, ಅದನ್ನೂ ಹೇಳಬೇಕು. ಆಷಾಢದ ಮಳೆಯಲ್ಲಿ ನಮ್ಮೂರಲ್ಲಿ ಹತ್ತಿ ಬಟ್ಟೆ ನಾಲ್ಕು ದಿನಕ್ಕೂ ಒಣಗುವುದಿಲ್ಲ. ಬಚ್ಚಲೊಲೆಯ ಮೇಲಿನ ಗಳಕ್ಕೆ ಹಾಕಿದರೆ ಒಣಗುವುದರೊಳಗೆ ಹೊಗೆ ವಾಸನೆ. ಪಾಲಿಯೆಸ್ಟರ್ ಸೀರೆ ಸಂಜೆ ಒಗೆದರೆ ಬೆಳಿಗ್ಗೆ ಉಡಬಹುದು. ಗಂಜಿ ಹಾಕಬೇಕಿಲ್ಲ, ಇಸ್ತ್ರಿ ಬೇಕಿಲ್ಲ, ಬಣ್ಣ ಬಿಡುವುದಿಲ್ಲ. “ತೋಟದ ಕೆಲಸಕ್ಕೆ ಹೋಗೋರಿಗೆ ಅದು ದೇವರ ಹಾಗೆ ಬಂತು” ಅಂತ ಅಮ್ಮನೇ ಹೇಳುತ್ತಾಳೆ. ಅಂಥ ಬಟ್ಟೆ ಮನೆಗೆ ಬಂದದ್ದು ತಪ್ಪಲ್ಲ. ಅದು ಬಂದು ಬೇರೆ ಎಲ್ಲವನ್ನೂ ಅಂಗಡಿಯಿಂದ ಹೊರಗೆ ಹಾಕಿದ್ದು ಕಷ್ಟ. ಈಗ ಒಳ್ಳೆಯ ಹತ್ತಿ ಬೇಕು ಅಂದವರಿಗೂ ಅದು ಸಿಗುವುದಿಲ್ಲ, ಸಿಕ್ಕರೂ ನಂಬುವುದು ಹೇಗೆ ಅನ್ನುವುದು ಗೊತ್ತಿಲ್ಲ.

ಅರಿಶಿನ ಕುಂಕುಮದ ಜೊತೆ ಕೊಡುವ ರವಿಕೆ ಕಣವನ್ನೇ ನೋಡಿ. ಅಜ್ಜಿಯ ಕಾಲದಲ್ಲಿ ಕಣ ಸಿಕ್ಕರೆ ಆ ವರ್ಷ ಒಂದು ರವಿಕೆ ಆಗುತ್ತಿತ್ತು. ಈಗ ನಮ್ಮ ಮನೆಯಲ್ಲಿ ಒಂದು ಚೀಲದ ತುಂಬ ಕಣಗಳಿವೆ. ಒಂದೂ ರವಿಕೆ ಆಗುವುದಿಲ್ಲ. ಕೆಲವಕ್ಕೆ ತೋಳಿಗೆ ಬಟ್ಟೆ ಸಾಲದು, ಕೆಲವು ಸೂಜಿ ತಾಗಿದರೆ ಪಿಸಿಯುತ್ತವೆ. ನಮ್ಮ ಮನೆಗೆ ಬಂದದ್ದು ಪಕ್ಕದ ಮನೆಗೆ ಹೋಗುತ್ತದೆ, ಅಲ್ಲಿಂದ ಇನ್ನೊಂದು ಮನೆಗೆ. ಒಂದು ಸಲ ನಾವೇ ಕೊಟ್ಟ ಹಸಿರು ಕಣ ಎರಡು ವರ್ಷ ಊರು ಸುತ್ತಿ ನಮ್ಮ ಮನೆಗೇ ವಾಪಸು ಬಂತು. ಮೂಲೆಯಲ್ಲಿ ಅಮ್ಮ ಹಾಕಿದ್ದ ಪೆನ್ನಿನ ಗುರುತು ಹಾಗೇ ಇತ್ತು. ಎಲ್ಲರೂ ನಕ್ಕೆವು. ಆದರೆ ಕೊಡುವವರಿಗೂ ತೆಗೆದುಕೊಳ್ಳುವವರಿಗೂ ಇದನ್ನು ಯಾರೂ ಹೊಲಿಯುವುದಿಲ್ಲ ಅಂತ ಗೊತ್ತಿರುವಾಗ ನಾವು ಕೊಡುತ್ತಿರುವುದಾದರೂ ಏನು?

ಬಟ್ಟೆ ಹಾಳಾದರೆ ಹೊಲಿಗೆಯೂ ಹಾಳಾಗುತ್ತದೆ. ನಾಲ್ಕು ತಾಸು ಕೂತು, ಬೆನ್ನು ನೋಯಿಸಿಕೊಂಡು ಹೊಲಿದದ್ದು ಆರು ತಿಂಗಳಿಗೆ ಹರಿದರೆ ಮುಂದಿನ ಸಲ ಯಾರಿಗೆ ಮನಸ್ಸು ಬರುತ್ತದೆ? ವಿಚಿತ್ರ ಅಂದರೆ ಊರಿಗೆ ಹೊಲಿಗೆ ಮಿಷನ್ ಬರುತ್ತಲೇ ಇವೆ. 2023ರ ಸೆಪ್ಟೆಂಬರಿನಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿ ಕೆಲಸವೂ ಒಂದು, ಉಪಕರಣಕ್ಕೆ 15,000 ರೂಪಾಯಿವರೆಗೆ ನೆರವು ಇದೆ. ಅಕ್ಕಪಕ್ಕದಲ್ಲಿ ಮಿಷನ್ ಇರುವ ಹೆಣ್ಣುಮಕ್ಕಳು ಮಾಡುತ್ತಿರುವ ಕೆಲಸ ಏನು ಅಂತ ನೋಡಿದೆವು. ಸೀರೆಗೆ ಫಾಲ್ಸ್ ಹಾಕುವುದು, ರೆಡಿಮೇಡ್ ಚೂಡಿದಾರಿನ ಅಗಲ ಹಿಡಿಯುವುದು, ಬಿಚ್ಚಿಹೋದ ನೈಟಿಗೆ ಮತ್ತೊಂದು ಹೊಲಿಗೆ. ಹೊಸ ಬಟ್ಟೆಗೆ ಕತ್ತರಿ ಹಾಕುವ ಕೆಲಸ ವಾರಕ್ಕೊಂದು ಬಂದರೆ ಹೆಚ್ಚು. ಮಿಷನ್ ಕೊಡುವ ಯೋಜನೆ ಇದೆ, ಅದರ ಕೆಳಗೆ ಇಡಲು ಯೋಗ್ಯ ಬಟ್ಟೆ ಕೊಡುವ ಯೋಜನೆ ಇಲ್ಲ.

ಹಾಗಂತ ನಮ್ಮ ಸೀಮೆಯಲ್ಲಿ ಒಳ್ಳೆಯ ಬಟ್ಟೆ ಹುಟ್ಟಲೇ ಇಲ್ಲ ಅಂತ ಅಲ್ಲ. ಸಾಗರದ ಹತ್ತಿರದ ಹೆಗ್ಗೋಡು-ಭೀಮನಕೋಣೆಯಲ್ಲಿ 1996ರಲ್ಲಿ ರಂಗಕರ್ಮಿ ಪ್ರಸನ್ನ ಅವರು ಊರಿನ ಹೆಣ್ಣುಮಕ್ಕಳನ್ನು ಸೇರಿಸಿ ‘ಚರಕ’ ಸಹಕಾರ ಸಂಘ ಕಟ್ಟಿದರು. ಕೈಮಗ್ಗದ ಹತ್ತಿ ಬಟ್ಟೆ, ಅದಕ್ಕೆ ಅಡಿಕೆ ಚೊಗರು, ದಾಳಿಂಬೆ ಸಿಪ್ಪೆ, ನೀಲಿಯಂಥ ನೈಸರ್ಗಿಕ ಬಣ್ಣ. ಅಡಿಕೆ ಬೇಯಿಸುವ ಮನೆಗಳಿಗೆ ಚೊಗರಿನ ಕಲೆ ಎಂಥದು ಅಂತ ಹೇಳಬೇಕಿಲ್ಲ, ಬಟ್ಟೆಗೆ ಬಿದ್ದರೆ ಹೋಗುವುದೇ ಇಲ್ಲ. ಹೋಗದ ಆ ಕಲೆಯನ್ನೇ ಅವರು ಬಣ್ಣ ಮಾಡಿದರು. ಆದರೆ ಕೈಯಲ್ಲಿ ನೇಯ್ದದ್ದಕ್ಕೆ ಕೈಯ ಕೂಲಿ ಬೀಳುತ್ತದೆ, ಬೆಲೆ ಜಾಸ್ತಿ. ಕೈ ಉತ್ಪನ್ನಗಳಿಗೆ ಜಿಎಸ್‌ಟಿ ಬೇಡ ಅಂತ 2017ರಲ್ಲಿ ಪ್ರಸನ್ನ ಉಪವಾಸ ಕೂತರು. 2020ರಲ್ಲಿ ಕೊರೋನಾ ಕಾಲದಲ್ಲಿ ಮಾರಾಟ ಕುಸಿದು ಚರಕವೇ ದೊಡ್ಡ ಸಂಕಟಕ್ಕೆ ಸಿಕ್ಕಿತು.

ಅಪ್ಪನ ಹತ್ತಿರ ಅಲ್ಲಿಯದೊಂದು ಜುಬ್ಬ ಇತ್ತು, ಚೊಗರಿನ ಬಣ್ಣದ್ದು. ಕೊಂಡ ದಿನ ಅದರ ಬೆಲೆಗೆ ಅಮ್ಮ ಎರಡು ದಿನ ಗೊಣಗಿದ್ದಳು. ಅಪ್ಪ ಅದನ್ನು ಹಾಕಿ ಹಾಕಿ ಕಾಲರು ಸವೆಸಿದ್ದ. ಜಬಲ ಬಾಯಿ ಬಿಟ್ಟ ಆ ದಿನ ಅಮ್ಮನ ಕಣ್ಣು ಅದರ ಮೇಲೆ ಬಿತ್ತು. ಬೆನ್ನಿನ ಭಾಗ ಇನ್ನೂ ಗಟ್ಟಿ ಇತ್ತು, ಮೆತ್ತಗೂ ಆಗಿತ್ತು. ಮಗುವಿಗೆ ಎರಡು ಕುಲಾವಿ, ಒಂದು ಜಬಲ ಆಯಿತು. ಗೊಣಗಿದ್ದ ಬೆಲೆಯನ್ನು ಅಮ್ಮ ಆವತ್ತು ಮತ್ತೆ ಲೆಕ್ಕ ಹಾಕಿದಳು. ಅಷ್ಟು ವರ್ಷದ ಜುಬ್ಬ, ಮೇಲೆ ಮೂರು ಬಟ್ಟೆ. ಅಗ್ಗ ಯಾವುದು ಅನ್ನುವುದು ಕೊಳ್ಳುವ ದಿನ ಗೊತ್ತಾಗುವುದಿಲ್ಲ.

ಸುತ್ತುವ ಬಟ್ಟೆ ಸಿಕ್ಕಿದ್ದು ಅಟ್ಟದ ಟ್ರಂಕಿನಲ್ಲಿ. ಅಜ್ಜಿ ತೀರಿಕೊಂಡ ಮೇಲೆ ನೆನಪಿಗೆ ಅಂತ ಇಟ್ಟಿದ್ದ ಒಂದು ಹತ್ತಿ ಸೀರೆ. ಅದಕ್ಕೆ ಕತ್ತರಿ ಹಾಕಲು ಅಮ್ಮ ಒಂದು ರಾತ್ರಿ ಯೋಚನೆ ಮಾಡಿದಳು. ಬೆಳಿಗ್ಗೆ ಎದ್ದು ಆರು ತುಂಡು ಮಾಡಿದಳು.

ಈಗ ನಾವು ಬಟ್ಟೆ ತರಲು ಹೋದರೆ ಅಮ್ಮ ಕಲಿಸಿದ್ದನ್ನೇ ಮಾಡುತ್ತೇವೆ. ಅಂಗೈಯಲ್ಲಿ ಉಜ್ಜುತ್ತೇವೆ, ಬೆಳಕಿಗೆ ಹಿಡಿಯುತ್ತೇವೆ, ಅಂಚಿನ ಒಂದೆಳೆ ಕೇಳಿ ತಂದು ಮನೆಯಲ್ಲಿ ಸುಟ್ಟು ನೋಡುತ್ತೇವೆ. ಮೊದಲು ಅರ್ಧ ಮೀಟರ್ ತಂದು ಒಂದು ರಾತ್ರಿ ನೆನೆಹಾಕಿ, ಕುಗ್ಗಿತೋ ಬಲೆಯಾಯಿತೋ ನೋಡಿ ಆಮೇಲೆ ಬೇಕಾದಷ್ಟು ತರುತ್ತೇವೆ. ಸೇತುವೆ ಇರುವುದರಿಂದ ಎರಡು ಸಲ ಹೋಗುವುದು ಈಗ ಕಷ್ಟವಲ್ಲ. ಕಣ ಕೊಡುವ ಕಡೆ ಹತ್ತು ಜನಕ್ಕೆ ಹತ್ತು ಹೊಳಪಿನ ತುಂಡು ಕೊಡುವ ಬದಲು ಹತ್ತಿರದ ಇಬ್ಬರಿಗೆ ಹೊಲಿಸಿಕೊಳ್ಳುವಂಥದ್ದು, ಉಳಿದವರಿಗೆ ಹೂವು-ಎಲೆಯಡಿಕೆ ಅಂತ ಮಾಡಿದ್ದೇವೆ. ಕೆಲವರು ಮುಖ ಸಿಂಡರಿಸಿದರು. ಪರವಾಗಿಲ್ಲ.

ಅಕ್ಕನ ಮಗಳು ಅಂಬೆಗಾಲಿಡಲು ಶುರು ಮಾಡಿದ ಮೇಲೆ ಅಜ್ಜಿ ಸೀರೆಯ ಆರು ತುಂಡುಗಳಿಗೆ ಮೊದಲಿನಷ್ಟು ಕೆಲಸ ಉಳಿಯಲಿಲ್ಲ. ನಾಲ್ಕನ್ನು ಒಗೆದು ಒಣಗಿಸಿ, ಹೆರಿಗೆ ಹತ್ತಿರವಿರುವ ಪಕ್ಕದ ಮನೆಗೆ ಕೊಟ್ಟೆವು. ಉಳಿದ ಎರಡು ಅಡುಗೆಮನೆಯಲ್ಲಿವೆ. ಅಮ್ಮ ಅವುಗಳಲ್ಲೇ ಅನ್ನದ ಪಾತ್ರೆ ಇಳಿಸುತ್ತಾಳೆ.