ಸುಭಾಸ ರಸ್ತೆಯ ಅಟ್ಟ

ಧಾರವಾಡದಲ್ಲಿ ಕಣ್ಣು ಮುಚ್ಚಿ ಕಲ್ಲು ಎಸೆದರೆ ಅದು ಯಾರಾದರೂ ಸಾಹಿತಿಯ ಮನೆ ಮೇಲೇ ಬೀಳುತ್ತೆ ಅನ್ನೋ ಹಳೇ ಮಾತೊಂದಿದೆ. ಜನ ಅದನ್ನು ಆ ಊರಿನ ಮಳೆ, ಹವೆಯ ಲೆಕ್ಕಕ್ಕೆ ಹಾಕಿಬಿಡುತ್ತಾರೆ. ಎರಡು ದಿನ ಅಲ್ಲಿ ಅಡ್ಡಾಡಿದ ಮೇಲೆ ನನಗನ್ನಿಸಿದ್ದೇ ಬೇರೆ. ಬರೆದದ್ದನ್ನು ಕೂತು ಕೇಳೋರು ಈ ಊರಲ್ಲಿ ಇದ್ದರು, ಅದಕ್ಕೇ ಬರೆಯೋರೂ ಉಳಿದರು.

ನಾನು ಹೋಗಿದ್ದಕ್ಕೆ ಒಂದು ಸ್ವಂತ ಕಾರಣವೂ ಇತ್ತು. ಬೆಂಗಳೂರಲ್ಲಿ ನಮ್ಮದೊಂದು ಪುಟ್ಟ ಗುಂಪಿದೆ. ತಿಂಗಳಿಗೊಂದು ಭಾನುವಾರ ಜಯನಗರದಲ್ಲಿ ಸೇರಿ, ಬರೆದದ್ದನ್ನು ಓದೋದು. ಹನ್ನೊಂದು ಜನರಿಂದ ಶುರುವಾಗಿದ್ದು ನಾಲ್ಕಕ್ಕೆ ಇಳಿದಿತ್ತು. ಒಬ್ಬರು ವೈಟ್‌ಫೀಲ್ಡ್, ಇನ್ನೊಬ್ಬರು ಕೆಂಗೇರಿ. ಯಾರಿಗೂ ಟ್ರಾಫಿಕ್‌ನಲ್ಲಿ ಭಾನುವಾರ ಕಳೆಯೋ ಮನಸ್ಸಿಲ್ಲ. ವಾಟ್ಸಾಪ್‌ನಲ್ಲಿ ಕಥೆ ಹಾಕಿದರೆ ಎರಡು ಚಪ್ಪಾಳೆ, ಒಂದು 'ಸೂಪರ್'. "ಮುಚ್ಚಿಬಿಡೋಣ್ವಾ?" ಅಂತ ಒಬ್ಬರು ಕೇಳಿದರು. ಯಾರೂ ಬೇಡ ಅನ್ನಲಿಲ್ಲ. ಆದರೆ ನಮ್ಮಲ್ಲೊಬ್ಬಳು ಕಾದಂಬರಿ ಬರೀತಿದ್ದಾಳೆ. ಆರು ಅಧ್ಯಾಯ ನಮ್ಮೆದುರೇ ಓದಿದ್ದಳು. ಸೇರೋದು ನಿಂತ ಮೇಲೆ ಏಳನೆಯದು ಬರಲೇ ಇಲ್ಲ.

ಹುಬ್ಬಳ್ಳಿಯಿಂದ ಚಿಗರಿ ಬಸ್ಸಲ್ಲಿ ಧಾರವಾಡಕ್ಕೆ ಬಂದು ಮೊದಲು ಸಾಧನಕೇರಿಗೆ ಹೋದೆ. ಬೇಂದ್ರೆಯವರ ಮನೆ, ಕೆರೆ, ಕೆರೆ ದಂಡೆಯಲ್ಲಿ ಫೋನ್ ಹಿಡಿದು ಕೂತ ಕಾಲೇಜು ಹುಡುಗರು. 1922ರಲ್ಲಿ ಬೇಂದ್ರೆ 'ಗೆಳೆಯರ ಗುಂಪು' ಕಟ್ಟಿದಾಗ ಅವರಿಗೆ ಇಪ್ಪತ್ತಾರು ವರ್ಷ. ನನಗಿಂತ ಚಿಕ್ಕವರು! ಆ ಗುಂಪಿಗೆ ಬಂದು ಸೇರಿದವರಲ್ಲಿ ಶಂ.ಬಾ. ಜೋಶಿ ಸಂಸ್ಕೃತಿ ಸಂಶೋಧಕರು, ರಂ.ಶ್ರೀ. ಮುಗಳಿ ಸಾಹಿತ್ಯ ಚರಿತ್ರೆ ಬರೆದವರು, ವಿ.ಕೃ. ಗೋಕಾಕ ಇಂಗ್ಲಿಷ್ ಮೇಷ್ಟ್ರು, ಆನಂದಕಂದರು ಹಳ್ಳಿ ಮಾತಿನ ಸೊಗಸು ಬಲ್ಲವರು. ಒಬ್ಬರ ದಾರಿ ಇನ್ನೊಬ್ಬರದಲ್ಲ. ನಮ್ಮ ಗುಂಪಿನಲ್ಲಿ ಎಲ್ಲರೂ ಐಟಿ, ಎಲ್ಲರ ಕಥೆಯಲ್ಲೂ ಪಿಜಿ ರೂಮು.

ವಿದ್ಯಾವರ್ಧಕ ಸಂಘಕ್ಕೂ ಹೋಗಿ ಬಂದೆ. 1890ರಲ್ಲಿ ಶುರುವಾದ ಸಂಸ್ಥೆ. ಅದರ ಬಗ್ಗೆ ಬರೆದರೆ ಇನ್ನೊಂದು ಲೇಖನವೇ ಆದೀತು. ನನಗೆ ಬೇಕಿದ್ದದ್ದು ಸುಭಾಸ ರಸ್ತೆ.

ಅಂಗಡಿಯವರೊಬ್ಬರನ್ನು ಮನೋಹರ ಗ್ರಂಥಮಾಲೆ ಎಲ್ಲಿ ಅಂದರೆ, "ಅಟ್ಟ ಏನ್ರಿ? ಮ್ಯಾಲ ಹೋಗ್ರಿ" ಅಂತ ಕೈ ತೋರಿಸಿದರು. ಕನ್ನಡದ ಎಷ್ಟೋ ದೊಡ್ಡ ಹೆಸರುಗಳು ಈ ಮೆಟ್ಟಿಲು ಹತ್ತಿವೆ. ಗೆಳೆಯರ ಗುಂಪಿನವರೇ ಆದ ಜಿ.ಬಿ. ಜೋಶಿ 1933ರಲ್ಲಿ ಗ್ರಂಥಮಾಲೆ ಶುರು ಮಾಡಿದರು. ಓದುಗರನ್ನು ಚಂದಾದಾರರನ್ನಾಗಿ ಮಾಡಿಕೊಂಡು ಪುಸ್ತಕ ತಲುಪಿಸೋ ಲೆಕ್ಕಾಚಾರ. ಇವತ್ತು ನಾವು ಸಬ್‌ಸ್ಕ್ರಿಪ್ಷನ್ ಅಂತ ಹೊಸದಾಗಿ ಕಂಡುಹಿಡಿದವರ ಹಾಗೆ ಮಾತಾಡ್ತೀವಲ್ಲ, ಅದೇ.

ಗಿರೀಶ ಕಾರ್ನಾಡರ 'ಯಯಾತಿ' 1961ರಲ್ಲಿ ಪ್ರಕಟವಾಗಿದ್ದು ಇಲ್ಲಿಂದ. ಇಂಗ್ಲಿಷ್ ಕವಿಯಾಗಬೇಕು ಅಂದುಕೊಂಡಿದ್ದ ಹುಡುಗ ಕನ್ನಡದಲ್ಲಿ ನಾಟಕ ಬರೆದಿದ್ದ. ಅದನ್ನು ಓದಿ ಅಚ್ಚು ಹಾಕೋಕೆ ಅಟ್ಟದ ಮೇಲೆ ಜನ ಇದ್ದರು. ಆಮೇಲಿನ ಕಥೆ ನನಗೆ ಇನ್ನೂ ಇಷ್ಟ. ಕನ್ನಡದಲ್ಲಿ ಹೇಳಿಕೊಳ್ಳುವಂಥ ಐತಿಹಾಸಿಕ ನಾಟಕಗಳಿಲ್ಲ ಅಂತ ವಿಮರ್ಶಕ ಕೀರ್ತಿನಾಥ ಕುರ್ತಕೋಟಿ ತಕರಾರು ತೆಗೆದರು. ಕಾರ್ನಾಡರು ಇತಿಹಾಸದ ಪುಸ್ತಕ ಹಿಡಿದು ಕೂತರು. 'ತುಘಲಕ್' ಬಂತು. ಒಂದು ತಕರಾರಿಗೆ ಇಷ್ಟು ಶಕ್ತಿ! ಕುರ್ತಕೋಟಿಯವರು 'ಸೂಪರ್' ಅಂದು ಸುಮ್ಮನಾಗಿದ್ದರೆ?

ಇದೆಲ್ಲ ಕೇಳೋಕೆ ಚೆಂದ. ಆದರೆ ಈ ಗುಂಪುಗಳ ಬಗ್ಗೆ ಓದುವಾಗ ಕಾಣೋ ಹೆಸರುಗಳೆಲ್ಲ ಬಹುಪಾಲು ಗಂಡಸರದೇ. ಸಂಜೆ ಹೊತ್ತು ಮನೆಯಲ್ಲಿ ಒಲೆ ಮುಂದೆ ಇದ್ದವರು ಯಾವ ಅಟ್ಟ ಹತ್ತಬೇಕಿತ್ತು? ಏಳನೇ ಅಧ್ಯಾಯ ಬರೆಯದ ನಮ್ಮ ಗೆಳತಿಗೆ ಮೂರು ವರ್ಷದ ಮಗು ಇದೆ. ಜಯನಗರ ಅವಳ ಪಾಲಿಗೆ ಧಾರವಾಡಕ್ಕಿಂತ ದೂರ.

ಸಂಜೆ ಗಿರಮಿಟ್, ಮಿರ್ಚಿ ತಿನ್ನುತ್ತಾ ನಿಂತಿದ್ದಾಗ ಪಕ್ಕದಲ್ಲಿದ್ದ ನಿವೃತ್ತ ಮಾಸ್ತರೊಬ್ಬರು ಮಾತಿಗೆ ಸಿಕ್ಕರು. ನಮ್ಮ ಗುಂಪಿನ ಕಥೆ ಹೇಳಿದೆ.

"ನಿಮ್ಮೊಳಗ ಜಗಳ ಆಗ್ತಾವೇನ್ರಿ?"

"ಇಲ್ಲ ಸರ್, ಎಲ್ಲರೂ ತುಂಬಾ ಒಳ್ಳೆಯವರು."

"ಮತ್ತ ಹ್ಯಾಂಗ ಉಳೀತದರೀ ಗುಂಪು?" ಅಂತ ನಕ್ಕರು. ಮಿರ್ಚಿ ಮುಗಿಸಿ, ಕೈ ಒರೆಸಿಕೊಂಡು ಹೇಳಿದರು: "ಬರಿಯೂದು ಮನ್ಯಾಗ ಆಗ್ತದ. ತಿದ್ದೂದು ಮಾತ್ರ ಮಂದ್ಯಾಗ ಆಗಬೇಕು ನೋಡ್ರಿ."

ರಾತ್ರಿ ರೈಲಲ್ಲಿ ಕೂತು ಮೆಟ್ರೋ ಮ್ಯಾಪ್ ತೆಗೆದೆ. ವೈಟ್‌ಫೀಲ್ಡೂ ಕೆಂಗೇರಿಯೂ ಒಂದೇ ನೇರಳೆ ಮಾರ್ಗದಲ್ಲಿವೆ, ನಡುವೆ ಕಬ್ಬನ್ ಪಾರ್ಕ್. ಗುಂಪಿಗೆ ಬರೆದೆ: ಇನ್ನು ಮೇಲೆ ಕಬ್ಬನ್ ಪಾರ್ಕ್, ಬೆಳಿಗ್ಗೆ ಎಂಟಕ್ಕೆ. ಇಬ್ಬರೇ ಬಂದರೂ ನಡೆಯುತ್ತೆ. ಮಕ್ಕಳನ್ನು ಕರೆತರಬಹುದು. ಕಥೆಯನ್ನು ಫೋನಿಗೆ ಕಳಿಸೋ ಹಾಗಿಲ್ಲ, ಗಟ್ಟಿಯಾಗಿ ಓದಬೇಕು. 'ಸೂಪರ್' ಅಂದವರು ಕಾಫಿ ಕೊಡಿಸಬೇಕು.

ಮೂವರು ಬರ್ತೀವಿ ಅಂದರು. ರೈಲು ಹಾವೇರಿ ದಾಟಿದ ಮೇಲೆ ಅವಳದೂ ಬಂತು: "ಏಳನೇ ಅಧ್ಯಾಯ ಅರ್ಧ ಆಗಿದೆ. ಸರಿಯಾಗಿ ಬೈತೀರಾ ಅಂದ್ರೆ ತರ್ತೀನಿ."