ಪುಟ್ಟ ಹೆಲಿಕಾಪ್ಟರಿನ ಹಟ

ಮಾದರಿ ವಿಮಾನವು ಸ್ವಭಾವತಃ ಸಜ್ಜನ. ಸರಿಯಾಗಿ ಕಟ್ಟಿದ ವಿಮಾನವನ್ನು ಹಾರಿಸುವಾತ ಕ್ಷಣಕಾಲ ಮೈಮರೆತರೂ ಅದು ತನ್ನ ಪಾಡಿಗೆ ತಾನು ಸಾಗುತ್ತಿರುತ್ತದೆ. ರೇಡಿಯೋ ಸಂಕೇತದಿಂದ ನಡೆಯುವ ಪುಟ್ಟ ಹೆಲಿಕಾಪ್ಟರಿಗೆ ಈ ಸದ್ಗುಣ ಹುಟ್ಟಿನಿಂದ ಬಂದುದಲ್ಲ. ಅದು ನೆಲಬಿಟ್ಟು ಮೊಳದೆತ್ತರ ಏಳುತ್ತದೆ. ಒಂದು ಮಗ್ಗುಲಿಗೆ ಜಾರುತ್ತದೆ. ತಡೆಯಲೆಂದು ಹಿಡಿಯನ್ನು ಇತ್ತ ನೂಕಿದರೆ, ಅತ್ತ ಹೋದುದಕ್ಕಿಂತ ಹೆಚ್ಚು ಆವೇಶದಿಂದ ಇತ್ತ ಬರುತ್ತದೆ. ಮರುಗಳಿಗೆಯಲ್ಲಿ ರೆಕ್ಕೆ ನೆಲಕ್ಕೆ ಬಡಿದು ಚೂರಾಗುತ್ತದೆ. ತಿಂಗಳುಗಟ್ಟಲೆ ಕೂಡಿಟ್ಟ ಹಣ ಅರೆನಿಮಿಷದಲ್ಲಿ ಹುಲ್ಲಿನ ಮೇಲೆ ಚೆಲ್ಲಿದುದನ್ನು ಕಂಡ ಹವ್ಯಾಸಿ, ಮನೆಗೆ ಹೋಗಿ ಏನು ಹೇಳಬೇಕೆಂಬ ಚಿಂತೆಯಲ್ಲಿಯೇ ತಿರುಪುಗಳನ್ನು ಹೆಕ್ಕತೊಡಗುತ್ತಾನೆ.

ಇಲ್ಲಿ ದೋಷವೆಂದು ತೋರುವುದೆಲ್ಲ ದೋಷವಲ್ಲ. ದೊಡ್ಡ ರೆಕ್ಕೆ ಒಂದು ದಿಕ್ಕಿಗೆ ತಿರುಗಿದರೆ ಒಡಲು ಎದುರು ದಿಕ್ಕಿಗೆ ತಿರುಗಲು ಹವಣಿಸುತ್ತದೆ. ಅದನ್ನು ತಡೆಯುವುದಕ್ಕೆ ಬಾಲದಲ್ಲಿ ಇನ್ನೊಂದು ಪುಟ್ಟ ರೆಕ್ಕೆ. ಆ ಪುಟ್ಟ ರೆಕ್ಕೆಯಾದರೋ ಒಡಲನ್ನು ತಿರುಗದಂತೆ ಹಿಡಿಯುವುದರ ಜೊತೆಗೆ ಇಡೀ ಯಂತ್ರವನ್ನು ಪಕ್ಕಕ್ಕೂ ದೂಡುತ್ತದೆ. ಆದಕಾರಣ ಗಾಳಿಯಲ್ಲಿ ನಿಂತ ಹೆಲಿಕಾಪ್ಟರು ತುಸು ವಾಲಿಯೇ ನಿಲ್ಲಬೇಕು. ಇದನ್ನರಿಯದವನು ವಾಲಿದುದನ್ನು ನೆಟ್ಟಗೆ ಮಾಡಹೊರಟು ಸಂಜೆಯೆಲ್ಲ ಕಳೆಯುತ್ತಾನೆ. ಮತ್ತೊಂದು ವಿಪರ್ಯಾಸವುಂಟು. ಹೆದರಿದವನು ಯಂತ್ರವನ್ನು ನೆಲಕ್ಕೆ ಅಂಟಿಕೊಂಡಂತೆ ಹಾರಿಸುತ್ತಾನೆ. ರೆಕ್ಕೆ ಕೆಳಗೆ ತಳ್ಳಿದ ಗಾಳಿ ನೆಲಕ್ಕೆ ಬಡಿದು ಕದಡುವುದು ಅಲ್ಲಿಯೇ. ಧೈರ್ಯಮಾಡಿ ಇನ್ನಷ್ಟು ಮೇಲೇರಿಸಿದರೆ ಅದೇ ಯಂತ್ರ ಎಷ್ಟೋ ಶಾಂತವಾಗುತ್ತದೆ.

ನಿಜವಾದ ದೋಷಗಳು ಬೇರೆ. ಎರಡು ರೆಕ್ಕೆಗಳು ಒಂದೇ ಸಮತಲದಲ್ಲಿ ಸುತ್ತದೆ ಒಂದು ಮೇಲೆ, ಒಂದು ಕೆಳಗೆ ಓಡಿದರೆ ಯಂತ್ರವೆಲ್ಲ ಚಳಿ ಬಂದಂತೆ ನಡುಗುತ್ತದೆ. ಇದಕ್ಕೆ ಹಳಬರ ಉಪಾಯವೆಂದರೆ ಒಂದು ರೆಕ್ಕೆಯ ತುದಿಗೆ ಬಣ್ಣದ ಪಟ್ಟಿ ಅಂಟಿಸಿ, ದೂರದಿಂದ ಪಕ್ಕದ ನೋಟದಲ್ಲಿ ನೋಡುವುದು. ಬಣ್ಣದ ಗೆರೆ ಮೇಲಿದ್ದರೆ ಆ ರೆಕ್ಕೆಯ ಓರೆಯನ್ನು ಕೊಂಚ ತಗ್ಗಿಸಬೇಕು. ದೂರದಿಂದ ಎಂಬ ಮಾತನ್ನು ಒತ್ತಿ ಹೇಳಬೇಕು. ಆಟಿಕೆಯೆಂದು ಕರೆಯುವ ಈ ವಸ್ತುವಿನ ರೆಕ್ಕೆ ತಗುಲಿ ಸತ್ತವರಿದ್ದಾರೆ. ಬಾಲ ಬೇಗಬೇಗನೆ ಅಲುಗಿದರೆ, ಅದನ್ನು ಕಾಯುವ ಜೈರೋ ಎಂಬ ಉಪಕರಣ ಅತಿ ಚುರುಕಾಗಿದೆ ಎಂದು ತಿಳಿಯಬಹುದು. ಇಲ್ಲವೆ ಬಾಲಕ್ಕೆ ಹೋಗುವ ಕಡ್ಡಿ ಎಲ್ಲೋ ಬಿಗಿದಿದೆ. ಬಾಲ ನಿಧಾನವಾಗಿ ಜಾರಿದರೆ ಜೈರೋ ಮಂಕಾಗಿರಬಹುದು, ಬಾಲದ ರೆಕ್ಕೆಯನ್ನು ತಿರುಗಿಸುವ ಪಟ್ಟಿ ಸಡಿಲವಾಗಿರಲೂಬಹುದು. ಎರಡನ್ನೂ ಒಟ್ಟಿಗೆ ಬದಲಿಸಿದವನಿಗೆ ಯಾವುದರಿಂದ ಗುಣವಾಯಿತೆಂಬುದು ಎಂದಿಗೂ ತಿಳಿಯುವುದಿಲ್ಲ.

ಇವೆಲ್ಲಕ್ಕಿಂತ ಹಿರಿದಾದ ತೊಡಕು ತಿರುಗುವ ರೆಕ್ಕೆಯ ಸ್ವಭಾವದಲ್ಲಿಯೇ ಇದೆ. ಅದೊಂದು ಬುಗುರಿ. ಬುಗುರಿಯನ್ನು ಒಂದೆಡೆ ಒತ್ತಿದರೆ ಫಲ ಅಲ್ಲಿ ಕಾಣದು. ಕಾಲು ಸುತ್ತು ಮುಂದೆ ಕಾಣುತ್ತದೆ. ಕಾರಣ ಒಂದು ಕಡೆ, ಕಾರ್ಯ ಇನ್ನೊಂದು ಕಡೆ.

ಈ ಹಟಮಾರಿ ಬುಗುರಿಯನ್ನು ಪಳಗಿಸಲು ಅಮೆರಿಕದ ಆರ್ಥರ್ ಯಂಗ್ ತನ್ನ ಯೌವನವನ್ನೇ ತೆತ್ತ. 1905ರಲ್ಲಿ ಹುಟ್ಟಿ, ಪ್ರಿನ್ಸ್‌ಟನ್ನಿನಲ್ಲಿ ಗಣಿತ ಕಲಿತ ಈತನಿಗೆ ಮೂಲತಃ ಇದ್ದ ಒಲವು ತತ್ತ್ವಶಾಸ್ತ್ರದಲ್ಲಿ. ವಿಶ್ವದ ನಿಯಮ ತಿಳಿಯಹೊರಡುವ ಮೊದಲು ಕೈಗೆ ಸಿಗುವ ಒಂದು ಕಠಿಣ ವಸ್ತುವಿನೊಡನೆ ಸೆಣಸಬೇಕೆಂದು ನಿಶ್ಚಯಿಸಿ, 1928ರಲ್ಲಿ ಹೆಲಿಕಾಪ್ಟರನ್ನು ಕೈಗೆತ್ತಿಕೊಂಡ. ದೊಡ್ಡ ಯಂತ್ರ ಕಟ್ಟಿ ದಿವಾಳಿಯಾಗುವ ಹುಚ್ಚು ಅವನಿಗಿರಲಿಲ್ಲ, ಮಾದರಿಗಳನ್ನೇ ಕಟ್ಟಿದ. ಬಿದ್ದರೆ ಬೇಗ ರಿಪೇರಿಯಾಗುವಂತೆ ಸರಳವಾಗಿ ಕಟ್ಟಿದ. ಹೀಗಾಗಿ ಅವನ ಪಾಲಿಗೆ ಪ್ರತಿಯೊಂದು ಪತನವೂ ಒಂದು ಪಾಠವಾಯಿತು. ಈ ಜಾಣತನವನ್ನು ಎಷ್ಟು ಹೊಗಳಿದರೂ ಸಾಲದು.

ರೆಕ್ಕೆಗಳ ತುದಿಯಲ್ಲಿ ಪುಟ್ಟ ಪ್ರೊಪೆಲರುಗಳನ್ನಿಟ್ಟು ತಿರುಗಿಸುವ ಅವನ ಮೊದಲ ಕಲ್ಪನೆ ಹಲವು ವರ್ಷಗಳನ್ನು ನುಂಗಿ ವ್ಯರ್ಥವಾಯಿತು. ಪೆನ್ಸಿಲ್ವೇನಿಯದ ಪಾವೋಲಿಯಲ್ಲಿ ಹಳೆಯ ಕಣಜದ ಮನೆಯೊಂದನ್ನು ಕಾರ್ಯಾಗಾರ ಮಾಡಿಕೊಂಡು ಹೊಸ ಮಾದರಿಗಳನ್ನು ಹಾರಿಸತೊಡಗಿದ. ಅವು ವಿದ್ಯುತ್ ಮೋಟಾರಿನಿಂದ ಏಳುತ್ತಿದ್ದವು. ಆದೇಶ ರೇಡಿಯೋದಿಂದಲ್ಲ, ತಂತಿಯ ಮೂಲಕ ಹೋಗುತ್ತಿತ್ತು. ಎದ್ದ ಮಾದರಿ ಒಂದು ಕಡೆಗೆ ಓಡುವುದು. ಓಟದ ಗಾಳಿಗೆ ರೆಕ್ಕೆ ಹಿಂದಕ್ಕೆ ವಾಲಿ ಅದನ್ನು ಮರಳಿ ತರುವುದು. ಮರಳಿದುದು ಮತ್ತಷ್ಟು ದೂರ ಹಾಯುವುದು. ತೊಟ್ಟಿಲು ತೂಗಿದಂತೆ ಬೀಸು ಬೆಳೆಯುತ್ತ ಹೋಗಿ ಕೊನೆಗೆ ನೆಲಕ್ಕೆ ಅಪ್ಪಳಿಸುವುದು. ಇಂದಿನ ಹವ್ಯಾಸಿ ಮೈದಾನದಲ್ಲಿ ಕಾಣುವುದು ಇದನ್ನೇ.

ಯಂಗ್ ಕಂಡುಕೊಂಡ ಪರಿಹಾರ ನೋಡಲು ಅತಿ ಸಾಮಾನ್ಯ. ತುದಿಗಳಲ್ಲಿ ತೂಕವಿರುವ ಒಂದು ದಂಡವನ್ನು ರೆಕ್ಕೆಗಳಿಗೆ ಅಡ್ಡಲಾಗಿ ಜೋಡಿಸಿ, ಅದನ್ನು ರೆಕ್ಕೆಗೆ ಸಂಬಂಧಿಸಿದ. ಒಡಲು ವಾಲಿದರೂ ತಿರುಗುವ ದಂಡ ಬುಗುರಿಯಂತೆ ತನ್ನ ಸಮತಲವನ್ನು ಬಿಡಲೊಲ್ಲದು; ರೆಕ್ಕೆ ಒಡಲಿನ ಮಾತನ್ನು ಬಿಟ್ಟು ದಂಡದ ಮಾತನ್ನು ಕೇಳುತ್ತದೆ. ಹಟವನ್ನು ಹಟದಿಂದಲೇ ಗೆದ್ದಂತಾಯಿತು. ಅಲ್ಲಿಯವರೆಗೆ ಬೀಳುತ್ತಲೇ ಇದ್ದ ಮಾದರಿ ಗಾಳಿಯಲ್ಲಿ ಸ್ಥಿರವಾಗಿ ನಿಂತಿತು. ಕಣಜದ ಬಾಗಿಲಿನಿಂದ ಹೊರಗೆ ಹೋಗಿ ಒಳಗೆ ಬರುವಷ್ಟು ವಿಧೇಯವಾಯಿತು.

1941ರಲ್ಲಿ ಬೆಲ್ ವಿಮಾನ ಸಂಸ್ಥೆ ಅವನನ್ನೂ ಅವನ ಬಾಲ್ಯದ ಗೆಳೆಯ ಬಾರ್ಟ್ರಮ್ ಕೆಲ್ಲಿಯನ್ನೂ ಸೇರಿಸಿಕೊಂಡಿತು. 1946ರ ಮಾರ್ಚ್ 8ರಂದು ಬೆಲ್ 47 ಹೆಲಿಕಾಪ್ಟರಿಗೆ ನಾಗರಿಕ ಬಳಕೆಯ ಪರವಾನೆ ದೊರೆಯಿತು; ಅಮೆರಿಕದಲ್ಲಿ ಅಂಥ ಪರವಾನೆ ಪಡೆದ ಮೊದಲ ಹೆಲಿಕಾಪ್ಟರು ಅದು. 1950ರಿಂದ 1953ರವರೆಗೆ ನಡೆದ ಕೊರಿಯಾ ಯುದ್ಧದಲ್ಲಿ ರಣರಂಗದಿಂದ ಗಾಯಾಳುಗಳನ್ನು ಹೊತ್ತು ತಂದುದು ಇದೇ ಯಂತ್ರ. ಅಷ್ಟರಲ್ಲಿ ಯಂಗ್ ಸಂಸ್ಥೆ ಬಿಟ್ಟು, ಹೊರಟಲ್ಲಿಗೇ, ತತ್ತ್ವಶಾಸ್ತ್ರಕ್ಕೆ ಮರಳಿದ್ದ. ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ 1984ರಲ್ಲಿ ಒಂದು ಬೆಲ್ 47ನ್ನು ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಿತು. ಮಾದರಿಗಳ ಮಗನಿಗೆ ದೊರೆತ ಮರ್ಯಾದೆ!

ದೊಡ್ಡದಕ್ಕೆ ಮಾದರಿ ದಾರಿ ತೋರಿಸಿತು. ಸಾಲ ತೀರಿಸುವ ಸರದಿ ಆಮೇಲೆ ದೊಡ್ಡದರದು. ರೇಡಿಯೋ ಹೆಲಿಕಾಪ್ಟರನ್ನು ಹಿಡಿತಕ್ಕೆ ತಂದವರಲ್ಲಿ ಅಗ್ರಗಣ್ಯನಾದ ಜರ್ಮನಿಯ ಡೀಟರ್ ಶ್ಲೂಟರ್, 1970ರಲ್ಲಿ ತನ್ನ ಮಾದರಿಯನ್ನು ಹನ್ನೊಂದು ಕಿಲೋಮೀಟರಿಗೂ ಹೆಚ್ಚು ದೂರ ಹಾರಿಸಿದ. ಅನಂತರದ ದಶಕಗಳಲ್ಲಿ ಮಾದರಿಗಳ ನೆತ್ತಿಯ ಮೇಲೆಲ್ಲ ಅಂಥ ಅಡ್ಡದಂಡ ರಾರಾಜಿಸಿತು. ಅದು ಕೂದಲೆಳೆಯಷ್ಟು ಬಾಗಿದರೂ ಯಂತ್ರ ನಿಂತಲ್ಲಿ ನಿಲ್ಲದೆ ಗಾಣದೆತ್ತಿನಂತೆ ಸುತ್ತಹತ್ತುತ್ತಿತ್ತು.

ಇಂದಿನ ಮಾದರಿಗಳಲ್ಲಿ ದಂಡ ಬಹುಮಟ್ಟಿಗೆ ಮರೆಯಾಗಿದೆ. ಬೆಂಕಿಪೊಟ್ಟಣದಷ್ಟು ದೊಡ್ಡ ಡಬ್ಬಿಯೊಂದು ಒಡಲಿನ ವಾಲಾಟವನ್ನು ಅರಿತು ಆ ಕೆಲಸವನ್ನೆಲ್ಲ ಮಾಡುತ್ತದೆ. ಆದರೆ ರೆಕ್ಕೆಯ ತೂಕ ಹೆಚ್ಚುಕಡಿಮೆಯಾಗಿ ಕಂಪನ ಹುಟ್ಟಿದರೆ ಆ ಜಾಣ ಡಬ್ಬಿಯೂ ಗೊಂದಲಕ್ಕೆ ಬೀಳುತ್ತದೆ. ಆದುದರಿಂದ ಹವ್ಯಾಸಿಯ ಪೆಟ್ಟಿಗೆಯಲ್ಲಿ ಬಣ್ಣದ ಪಟ್ಟಿಯ ಸುರುಳಿ ಇನ್ನೂ ಇದೆ. ಹೊಸಬನ ಯಂತ್ರದ ಕಾಲಿಗೆ ಕಟ್ಟುವ ಎರಡು ಉದ್ದನೆಯ ಕಡ್ಡಿಗಳೂ, ಅವುಗಳ ತುದಿಗೆ ಸಿಕ್ಕಿಸುವ ನಾಲ್ಕು ಪಿಂಗ್‌ಪಾಂಗ್ ಚೆಂಡುಗಳೂ ಜೊತೆಗಿವೆ.