ಮರಳೂರು ಕೆರೆ ಮತ್ತು ಕುಬೇರನ ಸರೋವರ

ತುಮಕೂರಿನಿಂದ ಕುಣಿಗಲ್ ರಸ್ತೆ ಹಿಡಿದು ಹೊರಟರೆ ಮರಳೂರು ಸಿಗುತ್ತದೆ. ಹೆಸರಿನಲ್ಲಿ ಮರಳು, ಮಗ್ಗುಲಲ್ಲಿ ಕೆರೆ. ನಗರವು ಈಗ ಕೆರೆಯನ್ನೂ ದಾಟಿ ಬೆಳೆದಿದೆ. ಮಹಾಭಾರತದ ಕಥೆ ಕೇಳಿದ ಇಲ್ಲಿನ ಮಕ್ಕಳದ್ದೂ ಎಲ್ಲ ಊರಿನ ಮಕ್ಕಳ ಪ್ರಶ್ನೆಯೇ: 'ಸಾರ್, ಭೀಮ ತಂದ ಸೌಗಂಧಿಕಾ ಪುಷ್ಪ ನಿಜವಾಗಿ ಇದೆಯಾ?'

ಕಥೆ ವನಪರ್ವದ್ದು. ಬದರಿಯಲ್ಲಿದ್ದ ದ್ರೌಪದಿಯ ಬಳಿಗೆ ಗಾಳಿಯು ಸಾವಿರ ಎಸಳಿನ ಒಂದು ಹೂವನ್ನು ತಂದಿತು. ಅಂಥವೇ ಇನ್ನಷ್ಟು ಬೇಕೆಂದಳು. ಭೀಮ ಹೊರಟ, ಬಾಳೆಯ ವನದಲ್ಲಿ ಅಣ್ಣ ಹನುಮಂತನನ್ನು ಕಂಡ, ಕುಬೇರನ ಸರೋವರ ಕಾಯುತ್ತಿದ್ದ ರಾಕ್ಷಸರನ್ನು ಸೋಲಿಸಿ ಹೂ ಕಿತ್ತ. ಆ ಹೂಗಳ ಎಸಳು ಚಿನ್ನ, ದಂಟು ವೈಡೂರ್ಯ. ಚಿನ್ನದ ಎಸಳು ಬಿಡುವ ಗಿಡ ಸಸ್ಯಶಾಸ್ತ್ರಕ್ಕೆ ತಿಳಿದಿಲ್ಲ. ಆ ಹೂ ಕವಿಯ ಸೃಷ್ಟಿ.

ಆದರೆ ಹೆಸರು ಸುಳ್ಳಲ್ಲ. 'ಸು' ಎಂದರೆ ಒಳ್ಳೆಯ, 'ಗಂಧ' ಎಂದರೆ ವಾಸನೆ. ಸುಜನದಿಂದ ಸೌಜನ್ಯ ಬಂದಂತೆ ಸುಗಂಧದಿಂದ ಸೌಗಂಧಿಕ. ಅಮರಕೋಶದಲ್ಲಿ ಈ ಹೆಸರು ಕಲ್ಹಾರಕ್ಕಿದೆ, ಅಂದರೆ ನೈದಿಲೆಯ ಜಾತಿಯ ನೀರಹೂವಿಗೆ. ತಮಾಷೆಯೆಂದರೆ, ಅದೇ ಕೋಶ ಗಂಧಕಕ್ಕೂ ಇದೇ ಹೆಸರು ಕೊಡುತ್ತದೆ! ಪ್ರಯೋಗಶಾಲೆಯಲ್ಲಿ ಗಂಧಕ ಸುಟ್ಟಾಗ ಮೂಗು ಮುಚ್ಚಿಕೊಂಡವರು ಇದನ್ನು ಮರೆಯಲಾರರು.

ಕೇರಳದಲ್ಲಿ 'ಕಲ್ಯಾಣ ಸೌಗಂಧಿಕ' ಎನ್ನುವುದು ನಮ್ಮ ಹಿತ್ತಲಿನ ಬಿಳಿಯ ಸುಗಂಧಿ ಹೂವನ್ನು. ಇದರ ವೈಜ್ಞಾನಿಕ ಹೆಸರು ಹೆಡಿಕಿಯಂ ಕೊರೊನೇರಿಯಂ. ಗ್ರೀಕಿನಲ್ಲಿ 'ಹೆಡಿಸ್' ಎಂದರೆ ಸವಿ, 'ಖಿಯೋನ್' ಎಂದರೆ ಹಿಮ. ಅಲ್ಲಿಯೂ ಹೆಸರಿಟ್ಟವರು ಬಣ್ಣ, ಪರಿಮಳಗಳನ್ನೇ ಹಿಡಿದರು ನೋಡಿ. ಇದು ಶುಂಠಿಯ ಕುಟುಂಬದ್ದು. ಅಗಲವಾಗಿ ಕಾಣುವ ಅದರ 'ಎಸಳು'ಗಳು ನಿಜವಾಗಿ ಎಸಳುಗಳಲ್ಲ, ರೂಪ ಬದಲಿಸಿದ ಕೇಸರಗಳು. ಭೀಮನ ಹೂ ಇದೇ ಎನ್ನಲಾಗದು. ಕಥೆಯ ಹೂ ನೀರಿನ ತಾವರೆ. ಇದು ತೇವದ ನೆಲದ ಗಿಡ.

ಕುಬೇರನ ಸರೋವರಕ್ಕೆ ರಾಕ್ಷಸರ ಕಾವಲಿತ್ತು. ಊರಕೆರೆಗೆ ಊರಿನವರೇ ಕಾವಲು. ನೀರು ನಿಂತರೆ, ಕೊಳೆ ಸೇರದಿದ್ದರೆ ನೈದಿಲೆಗೂ ತಾವರೆಗೂ ಜಾಗವುಂಟು. ಇಲ್ಲವಾದರೆ ನಿಜವಾದ ಹೂವೂ ನಾಳೆಯ ಮಕ್ಕಳಿಗೆ ಪುರಾಣದ ಹೂವಾದೀತು. ಪೋಷಕರು ಮಕ್ಕಳ ಪ್ರಶ್ನೆಯನ್ನು 'ಅದೆಲ್ಲ ಕಟ್ಟುಕಥೆ' ಎಂದು ತಳ್ಳಿಹಾಕದೆ, ರಜೆಯ ದಿನ ಒಂದು ನೈದಿಲೆಯನ್ನೂ ಒಂದು ಸುಗಂಧಿಯನ್ನೂ ಕೈಗೆ ಕೊಟ್ಟು ಎಸಳು ಎಣಿಸಲು ಹೇಳಲಿ.